ಮಣ್ಣಾಗದ ವಸ್ತುವಿನ ಕೊನೆಯ ಕಾಯಕ

ಸವೆದ ಟೈರನ್ನು ಕಸದ ಗುಂಡಿಗೆ ಎಸೆದರೆ ಅದು ಕಸ. ಚೂರು ಮಾಡಿ ಅದೇ ಗುಂಡಿಯ ತಳಕ್ಕೆ ಹಾಸಿದರೆ ಸಾಮಗ್ರಿ. ಯುರೋಪಿನ ಒಕ್ಕೂಟದ 1999ರ ನಿರ್ದೇಶನವು ಇಡೀ ಟೈರು ಹೂಳುವುದನ್ನು ನಿಷೇಧಿಸಿದಾಗಲೂ ಎಂಜಿನಿಯರಿಂಗ್ ಸಾಮಗ್ರಿಯಾಗಿ ಬಳಸಿದ್ದಕ್ಕೆ ವಿನಾಯಿತಿ ಕೊಟ್ಟಿತು. ವಸ್ತು ಅದೇ, ಜಾಗವೂ ಅದೇ. ಉದ್ದೇಶ ಬದಲಾದ ಮಾತ್ರಕ್ಕೆ ಕೆಲಸದ ಧರ್ಮವೂ ಬದಲಾಗುತ್ತದೆಯೇ?

ಕಸ ಹೂಳುವ ವೈಜ್ಞಾನಿಕ ಭೂಭರ್ತಿಯಲ್ಲಿ ಆ ಕಸದಿಂದ ಬಸಿದ ಕೊಳೆನೀರು ಹರಿದುಹೋಗಲು ತಳದಲ್ಲಿ ಜಲ್ಲಿಯ ಪದರ ಬೇಕು. ಟೈರಿನ ಚೂರು ಆ ಕೆಲಸ ಮಾಡಬಲ್ಲದು: ಹಗುರ, ಕೊಳೆಯದು, ನೀರನ್ನು ಸಲೀಸಾಗಿ ಬಿಡುತ್ತದೆ. ಆದರೆ ಚೂರಿನಿಂದ ಚಾಚಿದ ಉಕ್ಕಿನ ತಂತಿ ತಳದ ಪ್ಲಾಸ್ಟಿಕ್ ಹಾಳೆಯನ್ನು ಚುಚ್ಚದಂತೆ ನಡುವೆ ಬೇರೆ ಪದರ ಇರಬೇಕು. ದಪ್ಪನೆ ಪೇರಿಸಿದರೆ ರಾಶಿ ಒಳಗೇ ಕಾಯುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1995ರ ಹೊತ್ತಿಗೆ ಟೈರ್ ಚೂರು ತುಂಬಿದ ರಸ್ತೆಯ ಏರಿಗಳು ತಾವಾಗಿಯೇ ಹೊತ್ತಿಕೊಂಡವು. ಆಮೇಲೆ ಬಂದ ಮಾರ್ಗಸೂಚಿ ಪದರದ ದಪ್ಪವನ್ನು 3 ಮೀಟರಿಗೆ ಮಿತಿಗೊಳಿಸಿತು.

ಹಳತನ್ನು ಕೊನೆಯವರೆಗೂ ಬಳಸುವ ಯೋಚನೆ ಹೊಸದಲ್ಲ. ಭೀಮಾತೀರದ ಸನ್ನತಿ ಒಂದು ಕಾಲದ ದೊಡ್ಡ ಬೌದ್ಧ ನೆಲೆ, ಯಾದಗಿರಿಗೆ ದೂರವೇನಲ್ಲ. ಬೌದ್ಧರ ವಿನಯ ಪಿಟಕದಲ್ಲಿ ಒಂದು ಪ್ರಸಂಗವಿದೆ. ಬುದ್ಧನ ಶಿಷ್ಯ ಆನಂದನಿಗೆ ಐನೂರು ವಸ್ತ್ರಗಳು ದಾನವಾಗಿ ಬಂದಾಗ, ಇಷ್ಟೊಂದನ್ನು ಏನು ಮಾಡುವಿರಿ ಎಂದು ಉದೇನ ರಾಜ ಕೇಳುತ್ತಾನೆ. ಭಿಕ್ಷುಗಳು ಉಡುವ ಚೀವರ ಹಳತಾದರೆ ಹೊದಿಕೆಯಾಗುತ್ತದೆ, ಹೊದಿಕೆ ಹಾಸಾಗುತ್ತದೆ, ಹಾಸು ಕಾಲೊರಸಾಗುತ್ತದೆ, ಕೊನೆಗೆ ಚಿಂದಿಯನ್ನು ಕೆಸರಿನಲ್ಲಿ ಕಲಸಿ ನೆಲ ಸಾರಿಸುತ್ತೇವೆ ಎಂಬುದು ಆನಂದನ ಉತ್ತರ. ಯಾದಗಿರಿ, ಶಹಾಪುರ, ಸುರಪುರದ ಬಡವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಲಾರಿಗೆ ಬೇಡವಾದ ಟೈರು ಗಾಡಿಗೆ ಬರುತ್ತದೆ, ಚಪ್ಪಲಿಯ ಅಟ್ಟೆಯಾಗುತ್ತದೆ, ಮಕ್ಕಳ ಆಟಕ್ಕಾಗುತ್ತದೆ, ಗಾಳಿಗೆ ತಗಡು ಹಾರದಂತೆ ಸೂರಿನ ಮೇಲೆ ಕೂರುತ್ತದೆ. ಭೂಭರ್ತಿಯ ಪದರ ಈ ಸಾಲಿನ ಕೊನೆಯ ಮೆಟ್ಟಿಲೆನಿಸಬಹುದು. ಆದರೆ ಚಿಂದಿ ಮಣ್ಣಾಗುತ್ತದೆ. ಗಂಧಕ ಬೆರೆಸಿ ಕಾಯಿಸಿ ಗಟ್ಟಿಮಾಡಿದ ರಬ್ಬರು ತಲೆಮಾರು ಕಳೆದರೂ ಮಣ್ಣಾಗುವುದಿಲ್ಲ. ಅದು ಬಾಳಿಕೆ ಬರಲೆಂದೇ ಹಾಗೆ ಮಾಡಿದ್ದು.

ಸುರಪುರ ಸೀಮೆಯ ಮುದನೂರಿನ ವಚನಕಾರ ದೇವರ ದಾಸಿಮಯ್ಯ ನೇಕಾರ. ನೆಲ, ಬೆಳೆ, ಬೀಸುವ ಗಾಳಿ ಎಲ್ಲವೂ ದೇವರ ದಾನ ಎಂಬುದು ಆತನ ನಿಲುವು. ಈ ಮಾತನ್ನು ಒಪ್ಪುವವರು ನೆಲದೊಳಗೆ ಕರಗದ್ದನ್ನು ಇಡುವಾಗ ನೆಲದ ಒಡೆಯರಲ್ಲ, ಸಾಲಗಾರರು. ಸಾಲ ತಪ್ಪಲ್ಲ, ಲೆಕ್ಕ ಬೇಕು. ಬೆಟ್ಟ ಒಡೆದು ತರಬೇಕಾದ ಜಲ್ಲಿಯನ್ನು ಟೈರು ಉಳಿಸಿದರೆ ಅದು ಕಾಯಕ. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ ಕಂಡವರಿಗೆ ಕಲ್ಲಿನ ಬೆಲೆ ಬಿಡಿಸಿ ಹೇಳಬೇಕಿಲ್ಲ. ಜಲ್ಲಿ ಬೇಕಿಲ್ಲದ ಕಡೆಯೂ ಟೈರು ಸುರಿದು ಅದಕ್ಕೆ ಮರುಬಳಕೆಯ ಹೆಸರಿಟ್ಟರೆ ಮಡಿಯುಟ್ಟ ಸುಳ್ಳು, ಅಷ್ಟೇ.

ಭಾರತದ 2022ರ ನಿಯಮಗಳು ಹಳೆಯ ಟೈರಿನ ಹೊಣೆಯನ್ನು ತಯಾರಕರ ಮತ್ತು ಆಮದುದಾರರ ಮೇಲೆ ಹೊರಿಸಿವೆ. ಆದರೂ ಟೈರನ್ನು ನೆಲದಲ್ಲಿ ಹಾಸುವ ಯಾವುದೇ ಊರಿನ ಆಡಳಿತ ಎಲ್ಲಿ, ಎಷ್ಟು, ಎಷ್ಟು ಆಳದಲ್ಲಿ ಎಂಬುದನ್ನು ಮುಂದಿನವರಿಗಾಗಿ ಬರೆದಿಡಬೇಕು.