ಹೊಸ ಕೋಳಿಗಳೂ ಹಳೆಯ ಗೂಡೂ

ಸಂತೆಯಿಂದ ಕೊಂಡುತಂದ ಹೇಂಟೆಗಳು ಹೊತ್ತು ಮುಳುಗುವಾಗ ಗೂಡನ್ನು ಸೇರದೆ, ಹಲಸಿನ ಕೊಂಬೆಯ ಮೇಲಾಗಲಿ ಬೇಲಿಯ ಮೇಲಾಗಲಿ ಹೋಗಿ ಕೂತುಕೊಳ್ಳುವದನ್ನು ಕೋಳಿ ಸಾಕುವವರೆಲ್ಲರೂ ಬಲ್ಲರು. ಮನೆಯವರು ಕೋಲು ಹಿಡಿದು ಅಟ್ಟುತ್ತಾರೆ. ಅವು ಇನ್ನೂ ಎತ್ತರಕ್ಕೆ ಹಾರುತ್ತವೆ. ಇವು ಹಟಮಾರಿ ಕೋಳಿಗಳೆಂದು ಬೈದು ಬಿಟ್ಟುಬಿಟ್ಟರೆ, ಬೆಳಿಗ್ಗೆ ಕಾಡುಬೆಕ್ಕು ಉಳಿಸಿಹೋದ ಪುಕ್ಕಗಳು ಮಾತ್ರ ಸಿಕ್ಕಾವು. ಇಲ್ಲಿ ನಾವು ವಿಚಾರಿಸತಕ್ಕ ಪ್ರಶ್ನೆಯೇನಂದರೆ, ಒಂದು ಜೀವಿಯನ್ನು ಅದರ ಹಿತಕ್ಕೋಸ್ಕರ ಬಲವಂತವಾಗಿ ಕೂಡಿಹಾಕುವದು ನ್ಯಾಯವೋ? ನ್ಯಾಯವಾದರೆ ಎಲ್ಲಿಯ ವರೆಗೆ?

ಮೊದಲು ಕೋಳಿಯ ಸ್ವಭಾವವನ್ನು ತಿಳಿಯೋಣ. ನಮ್ಮ ಸಾಕುಕೋಳಿಗಳ ಮೂಲವಾದ ಕೆಂಪು ಕಾಡುಕೋಳಿಯು ರಾತ್ರಿಯಲ್ಲಿ ಮರದ ಮೇಲೆ ಮಲಗುವದು. ಕತ್ತಲೆಯಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣದಾದ್ದರಿಂದ ಎತ್ತರವೇ ಅದಕ್ಕೆ ಆಶ್ರಯ. ಆದಕಾರಣ ಮರವೇರುವ ಹೇಂಟೆಯು ನಮಗೆ ಅವಿಧೇಯವಾಗಲಿಲ್ಲ, ಹುಟ್ಟುಗುಣವನ್ನು ಅನುಸರಿಸಿತು. ಗೂಡೇ ತನ್ನ ಮನೆಯೆಂದು ಅದಕ್ಕೆ ಇನ್ನೂ ತಿಳಿಯದು.

ಅದನ್ನು ತಿಳಿಸುವ ಮಾರ್ಗವಿದು. ಹೊಸ ಕೋಳಿಗಳನ್ನು ಸುಮಾರು ಒಂದು ವಾರ ಗೂಡಿನಲ್ಲಿಯೂ ಅದಕ್ಕೆ ಸೇರಿಸಿ ಕಟ್ಟಿದ ಬಲೆಯ ಆವರಣದಲ್ಲಿಯೂ ಇರಿಸಿ, ಅಲ್ಲಿಯೇ ಕಾಳು ನೀರು ಕೊಡಬೇಕು. ಆ ಮೇಲೆ ಸಂಜೆಗೆ ಒಂದು ತಾಸು ಮುಂಚೆ ಹೊರಗೆ ಬಿಟ್ಟು, ಹೊತ್ತು ಇಳಿಯುವಾಗ ಗೂಡಿನೊಳಗೆ ಸ್ವಲ್ಪ ಕಾಳು ಚೆಲ್ಲಿ, ದಿನವೂ ಒಂದೇ ರೀತಿಯಲ್ಲಿ ಕರೆಯಬೇಕು. ಯಾವದಾದರೂ ಮರವೇರಿದರೆ ಅಟ್ಟಬಾರದು. ಪೂರಾ ಕತ್ತಲಾದ ಮೇಲೆ ಎರಡು ಕೈಗಳಿಂದ ಮೆಲ್ಲಗೆ ಎತ್ತಿ ಗೂಡಿನ ಅಡ್ಡಗೋಲಿನ ಮೇಲೆ ಕೂರಿಸಬೇಕು. ಆ ವೇಳೆಯಲ್ಲಿ ಅವು ಹೆಚ್ಚು ಹೆಣಗಾಡವು. ಕೆಲವು ರಾತ್ರಿ ಹೀಗೆ ಮಾಡಿದರೆ ತಾವಾಗಿಯೇ ಬರಲಾರಂಭಿಸುವವು.

ಆದರೆ ಕೂಡಿಹಾಕುವವನ ಮೇಲೆ ಒಂದು ಋಣವಿದೆ. ಗೂಡಿನ ಬಿರುಕುಗಳಲ್ಲಿ ಅಡಗುವ ಕೆಂಪು ನುಸಿಯು ಹಗಲಲ್ಲಿ ಕಾಣಿಸದೆ ರಾತ್ರಿಯಲ್ಲಿ ಬಂದು ನೆತ್ತರು ಹೀರುವದು. ಅಂಥ ಗೂಡಿಗೆ ಹಳೆಯ ಕೋಳಿಯೂ ಹೋಗಲೊಲ್ಲದು. ಗಾಳಿಯಾಡದ ಗೂಡೂ, ಒಂದೊಂದು ಕೋಳಿಗೆ ಸುಮಾರು 20 ಸೆಂಟಿಮೀಟರ್ ಸ್ಥಳವಿಲ್ಲದ ಅಡ್ಡಗೋಲೂ ಹಾಗೆಯೇ. ಇನ್ನು ಹಳೆಯ ಹೇಂಟೆಗಳು ಹೊಸಬರನ್ನು ಕುಕ್ಕಿ ಓಡಿಸುವದೂ ಉಂಟು. ಕೋಳಿಗಳೊಳಗೆ ಯಾವದು ಯಾವದನ್ನು ಕುಕ್ಕಬೇಕೆಂಬ ಮೇಲುಕೀಳಿನ ಕ್ರಮವಿರುವದೆಂದು ನಾರ್ವೆ ದೇಶದ ಶೆಲ್ಡರುಪ್ ಎಬ್ಬೆ ಎಂಬ ವಿದ್ವಾಂಸರು 1922ರಲ್ಲಿ ಪ್ರಕಟಿಸಿದರು. ಹೊಸದಾಗಿ ಬಂದದ್ದಕ್ಕೆ ಆ ಸಾಲಿನಲ್ಲಿ ಸ್ಥಾನವಿಲ್ಲ. ಹೀಗಿರಲಾಗಿ, ಹೊರಗೆ ಕೂತಿರುವ ಹೇಂಟೆಯನ್ನು ದೂರುವ ಮೊದಲು ಒಳಗೆ ಕೂತಿರುವವುಗಳನ್ನು ನೋಡಬೇಡವೇ?

ಒಬ್ಬನು ಹೀಗೆ ಆಕ್ಷೇಪಿಸಬಹುದು: "ನೀವು ಕೋಳಿಯನ್ನು ಕಾಯುವದು ಮೊಟ್ಟೆಗಾಗಿ, ಅದರ ಹಿತವೆಂಬುದು ಬರೀ ಮಾತು." ನಮ್ಮ ಲಾಭವು ಅದರಲ್ಲಿ ಬೆರೆತಿರುವದು ನಿಜವೇ. ಆದಕಾರಣವೇ ನಾವು ನಮ್ಮನ್ನು ಹೆಚ್ಚಾಗಿ ಪರೀಕ್ಷಿಸಿಕೊಳ್ಳತಕ್ಕದ್ದು. ರಾತ್ರಿ ಹಾಕಿದ ಅಗಳಿಯು ನರಿಗೆ ವಿರೋಧವಾದದ್ದು. ಹೊತ್ತೇರಿದರೂ ನಮ್ಮ ಸೋಮಾರಿತನದಿಂದ ತೆಗೆಯದೆ ಬಿಟ್ಟ ಅಗಳಿಯು ಕೋಳಿಗೇ ವಿರೋಧವಾದದ್ದು. ಅಗಳಿ ಒಂದೇ, ನ್ಯಾಯ ಬೇರೆ.

ಮನುಷ್ಯರ ವಿಷಯದಲ್ಲಿಯೂ ಇದನ್ನು ಯೋಚಿಸೋಣ. ಮದುವೆಯಾಗಿ ಬಂದ ಸೊಸೆಯು ತವರನ್ನು ನೆನಸಿ ಅಳುತ್ತಾಳೆ. ಹಾಸ್ಟೆಲಿಗೆ ಸೇರಿಸಿದ ಹುಡುಗನು ಊರಿಗೆ ಓಡಿಹೋಗುತ್ತಾನೆ. ಇವರಿಗೆ ಒಗ್ಗುವ ಗುಣವಿಲ್ಲವೆಂದು ನಾವು ಬೇಗನೆ ತೀರ್ಪು ಹೇಳುತ್ತೇವೆ. ಆದರೆ ಆ ಮನೆಯಲ್ಲಿ ಕಾಣದಂತೆ ಕಚ್ಚುವದು ಯಾವದು, ಸ್ಥಳ ಬಿಡದೆ ಕುಕ್ಕುವವರು ಯಾರು ಎಂದು ವಿಚಾರಿಸಿದೆವೋ? ಕೋಳಿಯು ಬಾಯಿಬಿಟ್ಟು ಹೇಳಲಾರದು, ಇವರು ಹೇಳಬಲ್ಲರು. ಆದ್ದರಿಂದ ಇವರನ್ನು ಕೇಳದೆ ಬಾಗಿಲು ಹಾಕುವವನ ತಪ್ಪು ಹೆಚ್ಚಿನದು.

ನಮ್ಮ ಅಭಿಪ್ರಾಯವಿಷ್ಟೇ: ಅಪಾಯವು ನಿಜವಾಗಿರುವಾಗ, ಸ್ವಲ್ಪ ಕಾಲದ ಮಟ್ಟಿಗೆ, ಅನ್ನ ನೀರು ಕೊಟ್ಟು, ಮನೆಯನ್ನು ಶುದ್ಧಪಡಿಸಿ ಮಾಡುವ ನಿರ್ಬಂಧವು ನ್ಯಾಯವಾದದ್ದು. ಅದು ದಿನದಿನಕ್ಕೆ ಕಡಿಮೆಯಾಗುತ್ತಾ ಬರಬೇಕು. ಎಂಟನೆಯ ದಿನ ಸಂಜೆ ಬಾಗಿಲನ್ನು ತೆರೆದಿಟ್ಟು ನೋಡಿರಿ. ಕೋಳಿಗಳು ತಾವಾಗಿ ಬಂದರೆ ಸಂತೋಷ. ಬಾರದಿದ್ದರೆ ಕೋಲನ್ನು ಹುಡುಕಬೇಡಿರಿ, ದೀಪ ಹಿಡಿದು ಗೂಡಿನೊಳಗೆ ನೋಡಿರಿ.