ನಂಬಿ ಒಪ್ಪಿಸುವದು ಯಾರಿಗೆ?

ಕೊಂಡ ಜೋಳದಲ್ಲಿ ಕಲ್ಲು ಸಿಕ್ಕರೆ ಗಿರಾಕಿಯು ಮರುದಿನ ಅಂಗಡಿಯನ್ನು ಬದಲಿಸುವನು. ಅವನ ದೂರೇ ಅಂಗಡಿಕಾರನನ್ನು ತಿದ್ದುವದು. ಆದರೆ ಮನಸ್ಸು ಕದಡಿ, ಜೀವವೇ ಬೇಡವೆನಿಸಿದವನನ್ನು ಆ ಗಳಿಗೆಯಲ್ಲಿ ಕಾಯತಕ್ಕ ಕೇಂದ್ರವೊಂದನ್ನು ತೆರೆದರೆ, ಅದರ ಹೊಣೆಯನ್ನು ಯಾರಿಗೆ ಒಪ್ಪಿಸಬೇಕು? ಇದು ಆಡಳಿತದ ಪ್ರಶ್ನೆಯಂತೆ ತೋರಿದರೂ ನಿಜವಾಗಿ ನೀತಿಯ ಪ್ರಶ್ನೆ.

ಧಾರವಾಡದ ಮಾನಸಿಕ ಆಸ್ಪತ್ರೆಯು 1845ರಷ್ಟು ಹಳೆಯದು. ದೂರದ ಆಸ್ಪತ್ರೆಯೊಂದೇ ಸಾಲದೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೆ ಶಿಕ್ಷಣವಿತ್ತು, ಚಿಕಿತ್ಸೆಯನ್ನು ಹಳ್ಳಿಗಳ ಸಮೀಪಕ್ಕೆ ತಂದಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2022ರಿಂದ 14416 ಎಂಬ ದೂರವಾಣಿಯ ನೆರವೂ ಉಂಟು. ಆದರೂ ನಡುರಾತ್ರಿಯಲ್ಲಿ ಮುಂಡರಗಿಯಿಂದಲೋ ಶಿರಹಟ್ಟಿಯಿಂದಲೋ ಕರೆತಂದವನ ಪಕ್ಕದಲ್ಲಿ ಕುಳಿತುಕೊಳ್ಳಲು ಮನುಷ್ಯನೇ ಬೇಕು.

ಆ ಮನುಷ್ಯನನ್ನು ಆರಿಸುವಾಗ ಒಬ್ಬರು ಕಡಿಮೆ ದರವನ್ನು ನೋಡುವರು. ಒಬ್ಬರು ಪದವಿಯನ್ನು, ಇನ್ನೊಬ್ಬರು ದಯೆಯ ಕೀರ್ತಿಯನ್ನು. ಮೂರೂ ಬೇಡವಾದವುಗಳಲ್ಲ, ಆದರೆ ಮೂರೂ ಕೂಡಿದರೂ ಸಾಲವು. ಏಕೆಂದರೆ ಇಲ್ಲಿಯ ಗಿರಾಕಿಯು ದೂರಿದರೆ ಆ ದೂರನ್ನೇ ಜನರು ರೋಗದ ಲಕ್ಷಣವೆನ್ನುವರು. 2001ನೆಯ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು 28 ರೋಗಿಗಳು ಸತ್ತರು. ಸರಪಳಿಯು ಅವರನ್ನು ಓಡಗೊಡಲಿಲ್ಲ. ಅಂಥ ಸ್ಥಳಗಳಿಗೆ ರೋಗಿಗಳನ್ನು ಕರೆತಂದವರು ವೈರಿಗಳಲ್ಲ, ನಂಬಿಕೆಯಿಟ್ಟ ಮನೆಯವರೇ. ಬಾಗಿಲಿನ ಹೊರಗಿನವರ ನಂಬಿಕೆಯು ಒಳಗಿನವನ ರಕ್ಷೆಯಾಗಲಾರದು.

ಹಾಗಾದರೆ ಯಾವ ಒರೆಗಲ್ಲು? ಗದಗಿನಲ್ಲಿಯೇ ಒಂದು ಉತ್ತರವುಂಟು. ವೀರೇಶ್ವರ ಪುಣ್ಯಾಶ್ರಮವು ಅಂಧರಿಗೂ ಅನಾಥರಿಗೂ ಅನ್ನ, ಆಶ್ರಯ, ಸಂಗೀತವಿದ್ಯೆಗಳನ್ನು ಕೊಟ್ಟಿತು. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳೂ, ಅವರ ನಂತರ 2010ರ ವರೆಗೆ ನಡೆಸಿದ ಪುಟ್ಟರಾಜ ಗವಾಯಿಗಳೂ ಸ್ವತಃ ಅಂಧರು. ಕುರುಡನ ಅಡಚಣೆ ಏನೆಂಬುದನ್ನು ಅಲ್ಲಿ ಯಾರೂ ಊಹಿಸಬೇಕಾಗಿರಲಿಲ್ಲ.

ಬುದ್ಧಿ ಕದಡಿದವನು ಸಂಸ್ಥೆಯನ್ನು ನಡೆಸುವದುಂಟೇ ಎಂದು ಆಕ್ಷೇಪಿಸಬಹುದು. ಆ ಗಳಿಗೆಯಲ್ಲಿ ಇಲ್ಲ; ಆದರೆ ಕದಡಿದ ನೀರು ತಿಳಿಯಾಗುವದು. ಗುಣಹೊಂದಿದವನು ಮಂಡಳಿಯಲ್ಲಿ ಕುಳಿತು, ತನಗೆ ಯಾವದು ಹಿತವಾಯಿತು, ಯಾವದು ಗಾಯಮಾಡಿತು ಎಂಬುದನ್ನು ಹೇಳಬಲ್ಲನು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯದೆಯು ಸರಪಳಿಯನ್ನು ನಿಷೇಧಿಸಿದ್ದಲ್ಲದೆ, ತನ್ನನ್ನು ಹೇಗೆ ಉಪಚರಿಸಬೇಕು, ಹೇಗೆ ಉಪಚರಿಸಬಾರದು ಎಂಬುದನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನೂ ಕೊಟ್ಟಿದೆ. ತುರ್ತು ಚಿಕಿತ್ಸೆಗೆ ಮಾತ್ರ ಆ ಬರಹವು ಅನ್ವಯಿಸುವದಿಲ್ಲ. ಇಂಥ ಕೇಂದ್ರದ ಕೆಲಸವೆಲ್ಲ ಆ ತುರ್ತಿನಲ್ಲಿಯೇ! ಕಾಯದೆಯು ಸುಮ್ಮನಾಗುವಲ್ಲಿ ನಡೆಸುವವನ ಶೀಲವೇ ರೋಗಿಯ ಕಾಯದೆ.

ಆದುದರಿಂದ ಹೊಣೆಯನ್ನು ಬೇಡಿ ಬಂದವರಿಗೆ ದರ, ಪದವಿ, ಕೀರ್ತಿಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಕೇಳತಕ್ಕದ್ದು: ನಿಮ್ಮಲ್ಲಿ ಇದ್ದು ಹೋದವರು ನಿಮ್ಮ ವಿಷಯವಾಗಿ ಏನು ಹೇಳುವರು, ಆ ಮಾತಿನಿಂದ ನೀವು ಏನನ್ನು ತಿದ್ದಿಕೊಂಡಿರಿ? ಉತ್ತರವಿಲ್ಲದವನಿಗೆ ಕಟ್ಟಡವನ್ನು ಒಪ್ಪಿಸಬಹುದು, ಮನುಷ್ಯನನ್ನಲ್ಲ.