ವಾಲಿದ ಭೂಮಿಯ ಮೇಲೆ ಇಬ್ಬರು ಹುಡುಗಿಯರು

ಭೂಮಿ ನೆಟ್ಟಗೆ ನಿಂತಿಲ್ಲ. ಅದರ ಅಕ್ಷ ಸುಮಾರು 23.5 ಡಿಗ್ರಿಯಷ್ಟು ವಾಲಿಕೊಂಡಿದೆ. ನಮ್ಮ ಉತ್ತರಾಯಣ, ದಕ್ಷಿಣಾಯನ, ಚಳಿ, ಬೇಸಿಗೆ ಎಲ್ಲವೂ ಈ ಓರೆಯ ಕೊಡುಗೆ. ಏಪ್ರಿಲ್ ಕೊನೆಯ ವಾರದ ಒಂದು ಮಧ್ಯಾಹ್ನ ಬೆಂಗಳೂರಿನಲ್ಲಿ ನೆಟ್ಟ ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಅದೇ ವಾರದ ಆಸುಪಾಸಿನಲ್ಲಿ ಬ್ಯಾಂಕಾಕಿನಲ್ಲೂ ಹಾಗೆಯೇ ಆಗುತ್ತದೆ. ಭೂಮಿ ವಾಲಿರದಿದ್ದರೆ ಈ ಎರಡೂ ಊರುಗಳ ನೆತ್ತಿಯ ಮೇಲೆ ಸೂರ್ಯ ಎಂದೂ ಬರುತ್ತಿರಲಿಲ್ಲ.

ಈ ಸಂಖ್ಯೆಯನ್ನೇ ಹೆಸರಾಗಿಸಿಕೊಂಡ ಥಾಯ್ ಧಾರಾವಾಹಿ ‘23.5’. 2024ರ ಮಾರ್ಚ್‌ನಿಂದ ಮೇ ತನಕ ಹನ್ನೆರಡು ಕಂತುಗಳಲ್ಲಿ ಪ್ರಸಾರವಾಯಿತು. ಚಾವೊ ಪ್ಲಾನೋಯ್ ಎಂಬ ಲೇಖಕಿಯ ಕಾದಂಬರಿ ಇದಕ್ಕೆ ಆಧಾರ. ಓಂಗ್ಸಾ ಹೊಸ ಶಾಲೆಗೆ ಸೇರಿದ ಸಂಕೋಚದ ಹುಡುಗಿ. ಎದುರಿಗೆ ಯಾರಾದರೂ ನಿಂತರೆ ಅವಳಿಗೆ ಮಾತೇ ಹೊರಡದು. ಸನ್ ಆ ಶಾಲೆಯಲ್ಲಿ ಎಲ್ಲರಿಗೂ ಬೇಕಾದವಳು. ಓಂಗ್ಸಾಗೆ ಸನ್ ಮೇಲೆ ಮನಸ್ಸು. ಬಾಯಿಬಿಟ್ಟು ಹೇಳಲಾರದೆ ‘ಅರ್ಥ್’ (ಭೂಮಿ) ಎಂಬ ಹೆಸರಿನ ಖಾತೆಯ ಮರೆಯಲ್ಲಿ ನಿಂತು ಅವಳ ಜತೆ ಮೊಬೈಲಿನಲ್ಲಿ ಹರಟುತ್ತಾಳೆ. ಸನ್ ಆ ಕಾಣದ ಅರ್ಥ್‌ಗೆ ಹತ್ತಿರವಾಗತೊಡಗುತ್ತಾಳೆ. ಯಾರಿಗಾಗಿ ಸನ್ ಹಂಬಲಿಸುತ್ತಿದ್ದಾಳೋ ಅವಳೇ ಎದುರಿಗೆ ಬಾಯಿಕಟ್ಟಿ ನಿಂತಿದ್ದಾಳೆ. ಇಬ್ಬರ ನಡುವೆ ಇರುವ ದೂರ ಕೆಲವೇ ಅಡಿಗಳದ್ದು, ಆದರೂ ಅದನ್ನು ದಾಟಲು ಓಂಗ್ಸಾಗೆ ಕಂತುಗಟ್ಟಲೆ ಸಮಯ ಬೇಕಾಗುತ್ತದೆ.

ನೋಡುತ್ತಾ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದಿದೆ. ಹುಡುಗಿಯೊಬ್ಬಳು ಹುಡುಗಿಯನ್ನು ಪ್ರೀತಿಸುವುದು ಈ ಕಥೆಯ ಕಗ್ಗಂಟಲ್ಲ. ಓಂಗ್ಸಾ ಹೆದರುವುದು ತನ್ನ ಒಲವು ತಪ್ಪೆಂದು ಅಲ್ಲ, ತಾನು ಸಾಲದವಳೆಂದು. ಸುಳ್ಳು ಹೆಸರಿನ ಹಿಂದೆ ಅಡಗಿದ್ದು ಗೊತ್ತಾದರೆ ಸನ್ ದೂರವಾದಾಳೆಂದು. ಮೊದಲ ಪ್ರೀತಿಯಲ್ಲಿ ಬಿದ್ದ ಯಾರಿಗೂ ಈ ಭಯ ಹೊಸದಲ್ಲ. ಇದಕ್ಕೂ ಹಿಂದೆ, 2022ರ ನವೆಂಬರ್‌ನಲ್ಲಿ ಶುರುವಾದ ‘ಗ್ಯಾಪ್’ ಧಾರಾವಾಹಿಯಲ್ಲಿ ಸ್ಯಾಮ್ ಮತ್ತು ಮೋನ್ ಎಂಬ ಇಬ್ಬರು ಹೆಂಗಸರು ಒಂದಾಗಲು ಸ್ಯಾಮಳ ಅಜ್ಜಿಯ ಹಟವನ್ನು ಎದುರಿಸಬೇಕಿತ್ತು. ಮನೆತನದ ಮಾನ, ಗೊತ್ತುಮಾಡಿದ ಗಂಡು ಎಲ್ಲವೂ ಅಡ್ಡ ನಿಂತಿದ್ದವು. ಆ ಕಥೆಯೂ ಬೇಕಿತ್ತು, ಏಕೆಂದರೆ ಆ ಅಜ್ಜಿ ಸಾವಿರಾರು ಮನೆಗಳಲ್ಲಿದ್ದಾರೆ. ಆದರೆ ‘23.5’ ಇನ್ನೊಂದು ಹೆಜ್ಜೆ ಇಟ್ಟಿತು. ಒಲವು ಒಲವಾಗಿಯೇ ಇರುವಷ್ಟು ಜಾಗವನ್ನು ಅದು ಮಾಡಿಕೊಟ್ಟಿತು.

ಬೆರಗಿಗೂ ಗಾಬರಿಗೂ ಇರುವ ವ್ಯತ್ಯಾಸವನ್ನು ನಾವು ಆಗಾಗ ಮರೆಯುತ್ತೇವೆ. ನಮಗಿಂತ ಬೇರೆಯಾಗಿ ಪ್ರೀತಿಸುವವರನ್ನು ಕಂಡರೆ ಗಾಬರಿಯಾಗುತ್ತೇವೆ. ಬೆರಗಾಗಬೇಕಾದ್ದು ಅದಕ್ಕಿಂತ ದೊಡ್ಡದೊಂದಕ್ಕೆ: ಕೋಟ್ಯಂತರ ಜನರ ನಡುವೆ ಒಂದು ಜೀವ ಇನ್ನೊಂದನ್ನು ಗುರುತಿಸಿ, ‘ನೀನು ಬಂದರೆ ನನ್ನ ದಿನ ಬೆಳಗುತ್ತದೆ’ ಎಂದುಕೊಳ್ಳುವುದಕ್ಕೆ. ಅದು ಗಂಡು ಹೆಣ್ಣಿನ ನಡುವೆ ನಡೆದರೂ ಅಚ್ಚರಿಯೇ, ಇಬ್ಬರು ಹುಡುಗಿಯರ ನಡುವೆ ನಡೆದರೂ ಅಷ್ಟೇ ಅಚ್ಚರಿ.

ಕಥೆಯ ಮತ್ತೊಂದು ಸಂಪತ್ತು ಗೆಳೆತನ. ಐಲಿನ್ ಎಂಬ ಹುಡುಗಿ ತಾನು ಬೇರೆ ಗ್ರಹದಿಂದ ಬಂದವಳೆಂದು ನಂಬಿದ್ದಾಳೆ. ಅವಳ ಮಾತು, ನಡೆ ಯಾವುದೂ ಲೋಕದ ಲೆಕ್ಕಕ್ಕೆ ಸಿಗುವುದಿಲ್ಲ. ಲೂನಾ ಎಂಬವಳು ಅವಳನ್ನು ತಿದ್ದಲು ಹೋಗದೆ ಅವಳಿಗೆ ಮನಸೋಲುತ್ತಾಳೆ. ಓಂಗ್ಸಾಗೂ ಐಲಿನ್ ಒಳ್ಳೆಯ ಗೆಳತಿ. ಇನ್ನೊಬ್ಬರ ವಿಚಿತ್ರವನ್ನು ಹೀಗೆ ಇದ್ದ ಹಾಗೆ ಒಪ್ಪಿಕೊಳ್ಳುವುದನ್ನು ಆ ವಯಸ್ಸಿನವರು ಎಷ್ಟು ಸಲೀಸಾಗಿ ಮಾಡುತ್ತಾರೆ!

ಲೂನಾ ಎಂದರೆ ಚಂದ್ರ. ಖಗೋಳ ಹೇಳುವ ಮಾತೊಂದು ಇಲ್ಲಿ ನೆನಪಾಗುತ್ತದೆ. ಭೂಮಿಯ ಓರೆ ಸುಮಾರು 41,000 ವರ್ಷಗಳ ಅವಧಿಯಲ್ಲಿ 22.1 ಡಿಗ್ರಿಯಿಂದ 24.5 ಡಿಗ್ರಿಯ ನಡುವೆ ಮಾತ್ರ ಹೊಯ್ದಾಡುತ್ತದೆ. ಇಷ್ಟು ಕಡಿಮೆ ಹೊಯ್ದಾಟಕ್ಕೆ ಚಂದ್ರನ ಸೆಳೆತವೇ ಮುಖ್ಯ ಕಾರಣವೆಂದು ಲೆಕ್ಕಾಚಾರಗಳು ತೋರಿಸುತ್ತವೆ. ಅಂಥ ದೊಡ್ಡ ಚಂದ್ರನಿಲ್ಲದ ಮಂಗಳನ ಅಕ್ಷ ಕೋಟ್ಯಂತರ ವರ್ಷಗಳಲ್ಲಿ ಎತ್ತೆತ್ತಲೋ ವಾಲಾಡಿದೆ. ಭೂಮಿಗೆ ಬೆಳಕು, ಬಿಸಿ ಕೊಡುವವನು ಸೂರ್ಯನೇ ಸರಿ, ಆದರೆ ಅದರ ವಾಲಿಕೆಯನ್ನು ಹದದಲ್ಲಿ ಹಿಡಿದಿಡುವವನು ಪಕ್ಕದ ಚಂದ್ರ. ಗೆಳೆಯರು ಮಾಡುವ ಕೆಲಸವೂ ಇದೇ. ವಾಲಿದವರನ್ನು ಅವರು ನೆಟ್ಟಗೆ ಮಾಡುವುದಿಲ್ಲ, ಉರುಳದಂತೆ ನೋಡಿಕೊಳ್ಳುತ್ತಾರೆ. ಪ್ರೇಮದ ಕಥೆಗಳು ಸಾಮಾನ್ಯವಾಗಿ ಗೆಳೆಯರನ್ನು ಮೂಲೆಗೆ ಕೂರಿಸುತ್ತವೆ. ಈ ಕಥೆ ಅವರಿಗೂ ಒಂದೊಂದು ಹೃದಯ ಕೊಟ್ಟಿದೆ.

ಕಥೆ ಪರದೆಯ ಮೇಲೆ ನಡೆಯುತ್ತಿದ್ದಾಗಲೇ ಹೊರಗೆ ಥಾಯ್ಲೆಂಡ್ ಕೂಡ ಬದಲಾಗುತ್ತಿತ್ತು. 2024ರ ಮಾರ್ಚ್ 27ರಂದು ಅಲ್ಲಿನ ಕೆಳಮನೆ ಸಮಾನ ವಿವಾಹ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಜೂನ್ 18ರಂದು ಸೆನೆಟ್ 130 ಮತಗಳಿಂದ ಅದನ್ನು ಅಂಗೀಕರಿಸಿತು. ವಿರುದ್ಧ ಬಿದ್ದದ್ದು ನಾಲ್ಕು ಮತ. 2025ರ ಜನವರಿ 23ರಂದು ಕಾನೂನು ಜಾರಿಗೆ ಬಂತು. ಆಗ್ನೇಯ ಏಷ್ಯಾದಲ್ಲಿ ಇಂಥ ಕಾನೂನು ತಂದ ಮೊದಲ ದೇಶ ಅದು. ಧಾರಾವಾಹಿಯಿಂದ ಕಾನೂನು ಹುಟ್ಟಿತೆಂದಲ್ಲ. ಅದಕ್ಕಾಗಿ ದುಡಿದವರು ವರ್ಷಗಟ್ಟಲೆ ದುಡಿದಿದ್ದರು. ಆದರೆ ಕಾನೂನು ಹಕ್ಕು ಕೊಡಬಲ್ಲದು, ಮನೆಯವರ ಮನಸ್ಸನ್ನು ತೆರೆಸಲಾರದು. ಆ ಕೆಲಸಕ್ಕೆ ಕಥೆಗಳು ಬೇಕು.

ನಮ್ಮ ಮನೆಗಳಲ್ಲೂ ಓಂಗ್ಸಾಳಂಥ ಹುಡುಗಿಯರಿದ್ದಾರೆ. ಒಂದು ದಿನ ಮಗಳೋ ತಂಗಿಯೋ ಗೆಳತಿಯೋ ನಿಮ್ಮ ಪಕ್ಕ ಬಂದು ಕೂತು, ತನಗೆ ಒಬ್ಬಳು ಇಷ್ಟ ಎಂದು ಹೇಳಬಹುದು. ಅಷ್ಟು ಹೇಳಲು ಅವಳು ಎಷ್ಟು ಧೈರ್ಯ ಕೂಡಿಸಿಕೊಂಡಿರುತ್ತಾಳೋ! ಆಗ ನೆಂಟರಿಷ್ಟರ ಮಾತು ತೆಗೆಯಬೇಡಿ, ಉಪದೇಶಕ್ಕೂ ಇಳಿಯಬೇಡಿ. ‘ಅವಳು ಹೇಗಿದ್ದಾಳೆ? ನಿನಗೆ ಅವಳಲ್ಲಿ ಏನು ಇಷ್ಟವಾಯಿತು?’ ಎಂದು ಕೇಳಿ, ಅವಳು ಹೇಳುವುದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿ.